ಪುರಸೈವಾಕ್ಕವೂ ಉಡುಪಿಯ ಉಪಾಹಾರವೂ

೧. ವಿಷಯಪ್ರವೇಶ

ಅರಸರ ಯುದ್ಧಗಳೂ ದೇವಾಲಯಗಳ ಶಾಸನಗಳೂ ಇತಿಹಾಸಕ್ಕೆ ಸೇರಿದಷ್ಟು ಸುಲಭವಾಗಿ ಜನರ ಊಟತಿಂಡಿಗಳು ಸೇರುವುದಿಲ್ಲ. ಎಲೆ ಎತ್ತಿದ ಮೇಲೆ ಉಂಡುದಕ್ಕೆ ಸಾಕ್ಷ್ಯವೇ ಉಳಿಯುವುದಿಲ್ಲವಷ್ಟೆ. ಆದರೂ ೧೯೯೬ರಿಂದ ಚೆನ್ನೈ ಎಂದು ಕರೆಯಲ್ಪಡುತ್ತಿರುವ ಮದರಾಸು ನಗರದಲ್ಲಿ ಕನ್ನಡ ಕರಾವಳಿಯ ಜನ ಬಿಟ್ಟಿರುವ ಗುರುತುಗಳಲ್ಲಿ ಎಲ್ಲಕ್ಕಿಂತ ವ್ಯಾಪಕವಾದುದು ಯಾವುದೆಂದು ವಿಚಾರಿಸಿದರೆ, ಹೋಟೆಲಿನ ಇಡ್ಲಿ, ದೋಸೆ, ಒಂದು ಲೋಟ ಕಾಫಿ ಎಂದೇ ಉತ್ತರ ಹೇಳಬೇಕಾಗುತ್ತದೆ.

ನಗರದ ಪುರಸೈವಾಕ್ಕಂ ಬಡಾವಣೆ ಈ ವಿಚಾರಕ್ಕೆ ತಕ್ಕ ನೆಲೆ. ಅದು ಮೊದಲು ಸ್ವತಂತ್ರವಾದ ಗ್ರಾಮ. ೧೬೯೩ರಲ್ಲಿ ಎಗ್ಮೂರು, ತೊಂಡಿಯಾರುಪೇಟೆಗಳೊಡನೆ ಅದು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ತಮಿಳಿನಲ್ಲಿ ‘ಪುರಸು’ ಎಂದರೆ ಮುತ್ತುಗದ ಮರ. ಊರಿನ ಗಂಗಾಧೀಶ್ವರ ದೇವಾಲಯದ ಸ್ಥಲವೃಕ್ಷವೂ ಅದೇ. ಕನ್ನಡ ನಾಡಿನಲ್ಲಿ ಮುತ್ತುಗದೆಲೆಯನ್ನು ಕಡ್ಡಿಯಿಂದ ಹಚ್ಚಿ ಊಟದ ಎಲೆ ಮಾಡುವ ರೂಢಿಯುಂಟೆಂಬುದು ಎಲ್ಲರಿಗೂ ತಿಳಿದ ಸಂಗತಿ. ಊಟದೆಲೆಯ ಮರದಿಂದ ಹೆಸರು ಪಡೆದ ಊರು ಮುಂದೆ ಉಪಾಹಾರಗೃಹಗಳಿಗೆ ನೆಲೆಯಾದುದು ಕಾಕತಾಳೀಯವೇ ಸರಿ, ಆದರೂ ನೆನಪಿನಲ್ಲಿಡತಕ್ಕದ್ದು.

ಪುರಸೈವಾಕ್ಕದ ದಕ್ಷಿಣಕ್ಕೆ ವೇಪೇರಿ, ಪೂನಮಲ್ಲಿ ಹೈರೋಡು, ಎಗ್ಮೂರು ನಿಲ್ದಾಣಗಳಿವೆ. ಉತ್ತರಕ್ಕೆ ರೈಲ್ವೆ ಕಾರ್ಖಾನೆಯ ಪೆರಂಬೂರೂ ಒಂದು ಕಾಲದಲ್ಲಿ ಸಾವಿರಾರು ಕೂಲಿಗಾರರಿಗೆ ಕೆಲಸ ಕೊಡುತ್ತಿದ್ದ ಬಕಿಂಗ್ ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಪ್ರದೇಶವೂ ಇವೆ. ಗುಮಾಸ್ತರು, ರೈಲ್ವೆ ನೌಕರರು, ಅಂಗಡಿಯವರು, ಚಿತ್ರಮಂದಿರಕ್ಕೆ ಬರುವವರು, ದೀಪಾವಳಿಗೆ ಬಟ್ಟೆ ಕೊಳ್ಳಲು ಬರುವ ಸಂಸಾರಗಳು, ಇವರೆಲ್ಲ ಕೂಡುವ ಪೇಟೆ ಅದು. ಅಂಥ ಸ್ಥಳದಲ್ಲಿ ಬೇಗ ಸಿದ್ಧವಾಗುವ, ಕಡಿಮೆ ಬೆಲೆಯ, ನಂಬಿ ತಿನ್ನಬಹುದಾದ ತಿಂಡಿಗೆ ಬೇಡಿಕೆ ಹುಟ್ಟುವುದು ಸಹಜ. ಇಂದು ‘ಫಾಸ್ಟ್ ಫುಡ್’ ಎಂಬ ಹೆಸರಿನಿಂದ ಕರೆಯುವ ಪದಾರ್ಥದ ಲಕ್ಷಣಗಳೂ ಇವೇ. ಮನೆಯಲ್ಲಿಯೇ ಮಾಡಬಹುದಾದ ದೋಸೆಯನ್ನು ಹೋಟೆಲಿನಲ್ಲಿ ತಿನ್ನುವುದು ಅಪರೂಪದ ಸಂತೋಷವಾದುದು ಹೇಗೆ, ಆ ಸಂತೋಷದ ಬಾಗಿಲು ಯಾರಿಗೆ ಎಂದು ತೆರೆಯಿತು, ಅದರ ಹಿಂದಿನ ದುಡಿಮೆ ಯಾರದು, ಈ ಮೂರು ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಪದಾರ್ಥ ಹಳೆಯದು, ಅವಸರ ಹೊಸದು

ಇಡ್ಲಿದೋಸೆಗಳು ನಮ್ಮ ಸಾಹಿತ್ಯಕ್ಕೆ ಅಪರಿಚಿತವಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರಿದೆ. ೧೦೨೫ರ ಸುಮಾರಿನ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ಕ್ರಮವೂ ಬಂದಿದೆ, ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ ನುಣ್ಣಗೆ ರುಬ್ಬುವ ಸಂಗತಿಯನ್ನು ಅಲ್ಲಿ ಕಾಣಬಹುದು. ಹನ್ನೆರಡನೆಯ ಶತಮಾನದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ‘ಇಡ್ಡರಿಕಾ’, ‘ದೋಸಕ’ ಎಂಬ ಭಕ್ಷ್ಯಗಳಿವೆ. ಹಳೆಯ ಇಡ್ಡಲಿಗೆಯಲ್ಲಿ ಉದ್ದೇ ಪ್ರಧಾನ. ಅಕ್ಕಿ ಸೇರಿ, ರಾತ್ರಿಯೆಲ್ಲ ಹುದುಗಿ, ಇಂದಿನ ರೂಪ ಬಂದದ್ದು ತರುವಾಯದ ಬೆಳವಣಿಗೆ. ಹೇಗೂ ಇರಲಿ, ಹೋಟೆಲುಗಳು ಹೊಸ ಭಕ್ಷ್ಯವನ್ನು ಕಂಡುಹಿಡಿಯಲಿಲ್ಲ; ಇದ್ದ ಭಕ್ಷ್ಯಕ್ಕೆ ಹೊಸ ವೇಳೆಯನ್ನೂ ಹೊಸ ಸ್ಥಳವನ್ನೂ ಒದಗಿಸಿದುವು.

ಯಂತ್ರಗಳಿಲ್ಲದ ಕಾಲದಲ್ಲಿ ಈ ತಿಂಡಿಗಳು ಗೃಹಿಣಿಯರಿಗೆ ಎಷ್ಟು ಶ್ರಮದ ಫಲವಾಗಿದ್ದುವೆಂಬುದನ್ನು ಮೊದಲು ಗಮನಿಸಬೇಕು. ಮಧ್ಯಾಹ್ನ ಅಕ್ಕಿ ಉದ್ದುಗಳನ್ನು ನೆನೆಹಾಕಬೇಕು. ಸಂಜೆ ಒರಳಿನ ಮುಂದೆ ಕುಳಿತು ಗುಂಡು ತಿರುಗಿಸಬೇಕು. ಹಿಟ್ಟು ರಾತ್ರಿ ಉಬ್ಬಬೇಕು. ಬೆಳಗ್ಗೆ ಸೌದೆಯ ಒಲೆಯ ಮುಂದೆ ಒಂದೊಂದಾಗಿ ಹುಯ್ಯಬೇಕು. ಹತ್ತು ಜನರ ಸಂಸಾರದಲ್ಲಿ ದೋಸೆಯೆಂದರೆ ಒಂದು ಇಡೀ ದಿನದ ಸಿದ್ಧತೆ. ಆದ್ದರಿಂದಲೇ ಅದು ನಿತ್ಯದ ಆಹಾರವಾಗಿರದೆ ಹಬ್ಬದ ಮರುದಿನ, ನೆಂಟರು ಬಂದಾಗ, ಇಲ್ಲವೆ ಅನ್ನ ಬಿಡತಕ್ಕ ದಿನಗಳಲ್ಲಿ ಆಗುತ್ತಿದ್ದ ವಿಶೇಷವಾಗಿತ್ತು. ಒಪ್ಪೊತ್ತಿನ ವ್ರತದ ರಾತ್ರಿ ಅನ್ನಕ್ಕೆ ಬದಲಾಗಿ ‘ಫಲಾಹಾರ’ ಮಾಡುವ ಪದ್ಧತಿ ಅನೇಕ ಮನೆಗಳಲ್ಲಿದ್ದಿತು. ಫಲಾಹಾರವೆಂಬ ಹೆಸರಿನಲ್ಲಿ ಫಲಗಳಿಗಿಂತ ದೋಸೆ ಉಪ್ಪಿಟ್ಟುಗಳೇ ಹೆಚ್ಚಾಗಿ ನಡೆಯುತ್ತಿದ್ದುವೆಂಬುದು ಬಲ್ಲವರಿಗೆ ಹೊಸದಲ್ಲ. ವ್ರತ ಮಾಡುವವರಿಗೆ ಅದು ನಿಯಮ. ಪಕ್ಕದಲ್ಲಿ ಕುಳಿತ ಮಕ್ಕಳಿಗೆ ಅದೇ ಹಬ್ಬ.

ಇನ್ನೊಂದು ಕಾರಣವೂ ಉಂಟು. ಹಳೆಯ ಆಚಾರದಲ್ಲಿ ಅನ್ನ ಮುಸುರೆ. ಅದನ್ನು ಯಾರು ಬೇಯಿಸಿದರು, ಯಾರು ಬಡಿಸಿದರು, ಯಾರ ಪಂಕ್ತಿಯಲ್ಲಿ ಉಂಡದ್ದು ಎಂಬ ವಿಚಾರ ಬಹು ಕಟ್ಟುನಿಟ್ಟಾದುದು. ತಿಂಡಿಗೂ ಕಾಫಿಗೂ ಅಷ್ಟು ಬಿಗಿ ಇರಲಿಲ್ಲ. ಹೊರಗೆ ಅನ್ನವನ್ನು ಮುಟ್ಟದವನೂ ತಿಂಡಿಯನ್ನು ತಿಂದು ಬರುವಷ್ಟು ಸಡಿಲಿಕೆ ಕ್ರಮೇಣ ಬಂದಿತು. ಹೀಗೆ, ಮನೆಯಿಂದ ಹೊರಗೆ ತಿನ್ನುವ ಹೊಸ ಅಭ್ಯಾಸವು ಊಟದ ಹೆಬ್ಬಾಗಿಲಿನಿಂದ ಪ್ರವೇಶಿಸದೆ ಉಪಾಹಾರದ ದಿಡ್ಡಿಬಾಗಿಲಿನಿಂದ ಒಳಕ್ಕೆ ಬಂದಿತು ಎನ್ನಬಹುದು. ಶ್ರಮದಿಂದ ಅಪರೂಪವಾಗಿದ್ದ ತಿಂಡಿ, ಆಚಾರದ ಸಡಿಲಿಕೆಯಿಂದ ಹೊರಗೆ ತಿನ್ನಬಹುದಾದ ತಿಂಡಿ ಆಯಿತು. ಈ ಎರಡರ ಸಂಧಿಯಲ್ಲಿ ಹೋಟೆಲು ಹುಟ್ಟಿತು.

೩. ಕರಾವಳಿಯಿಂದ ರಾಜಧಾನಿಗೆ

ಈ ಅವಕಾಶವನ್ನು ಉಡುಪಿಯ ಸೀಮೆಯವರೇ ವಿಶೇಷವಾಗಿ ಬಳಸಿಕೊಂಡದ್ದು ಏಕೆ? ಮೊದಲನೆಯ ಕಾರಣ ರಾಜಕೀಯ ಭೂಗೋಲ. ೧೭೯೯ರಲ್ಲಿ ಟಿಪ್ಪುಸುಲ್ತಾನನ ಪತನವಾದ ಮೇಲೆ ಕೆನರಾ ಸೀಮೆ ಮದರಾಸು ಆಧಿಪತ್ಯಕ್ಕೆ ಸೇರಿತು. ೧೮೬೨ರಲ್ಲಿ ಉತ್ತರ ಕನ್ನಡ ಮುಂಬಯಿ ಆಧಿಪತ್ಯಕ್ಕೆ ಹೋಯಿತಾದರೂ ದಕ್ಷಿಣ ಕನ್ನಡ ೧೯೫೬ರ ನವೆಂಬರ್ ೧ರವರೆಗೆ ಮದರಾಸಿನೊಡನೆಯೇ ಉಳಿಯಿತು. ಆದ್ದರಿಂದ ೧೯೨೦ರ ದಶಕದಲ್ಲಿ ಉಡುಪಿಯಿಂದ ಮದರಾಸಿಗೆ ಹೊರಟ ಹುಡುಗ ಪರರಾಜ್ಯಕ್ಕೆ ಹೊರಟವನಲ್ಲ. ತನ್ನ ರಾಜಧಾನಿಗೆ ಹೊರಟವನು. ಕಛೇರಿ, ನ್ಯಾಯಾಲಯ, ಕಾಲೇಜುಗಳಿಗಾಗಿ ಆ ಜಿಲ್ಲೆಯ ವಿದ್ಯಾವಂತರು ಹಿಡಿದ ದಾರಿಯಲ್ಲಿಯೇ ಸೌಟು ಹಿಡಿದವರೂ ನಡೆದರು.

ಎರಡನೆಯ ಕಾರಣ ಪಾಕವಿದ್ಯೆಯ ಪರಂಪರೆ. ಮಧ್ವಾಚಾರ್ಯರು ಸ್ಥಾಪಿಸಿದ ಉಡುಪಿಯ ಅಷ್ಟಮಠಗಳಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ ನಡೆಯುತ್ತದೆ. ಕೃಷ್ಣನ ಪೂಜೆಯೊಡನೆ ಯಾತ್ರಿಕರಿಗೆ ಅನ್ನದಾನ ಮಾಡುವ ಹೊಣೆಯೂ ಪರ್ಯಾಯ ಮಠದ್ದು. ಸಾವಿರ ಜನಕ್ಕೆ ಏಕಕಾಲದಲ್ಲಿ ಅಡಿಗೆ ಮಾಡುವುದು, ಹೊತ್ತಿಗೆ ಸರಿಯಾಗಿ ಬಡಿಸುವುದು, ದಾಸ್ತಾನನ್ನು ಅಳೆದು ಕೊಡುವುದು, ಇವೆಲ್ಲ ಅಲ್ಲಿ ತಲೆಮಾರುಗಳಿಂದ ಬಂದ ವಿದ್ಯೆ. ಮೂರನೆಯ ಕಾರಣ ಬಡತನ. ಸಣ್ಣ ಗೇಣಿಯ ಭೂಮಿ, ದೊಡ್ಡ ಸಂಸಾರ. ಮೇಲಾಗಿ ೧೯೨೩ರಲ್ಲಿ ನೇತ್ರಾವತಿಯ ಮಹಾಪ್ರವಾಹ ದಕ್ಷಿಣ ಕನ್ನಡದ ಅನೇಕ ಮನೆಗಳನ್ನು ತೊಳೆದುಬಿಟ್ಟಿತು. ಮಠದ ಅಡಿಗೆಮನೆ ಕಲಿಸಿದ ವಿದ್ಯೆಗೆ ಊರಿನಲ್ಲಿ ಅನ್ನ ಹುಟ್ಟಲಿಲ್ಲ, ನಗರದಲ್ಲಿ ಹುಟ್ಟಿತು.

ಈ ಮೂರೂ ಕಾರಣಗಳು ಒಬ್ಬ ವ್ಯಕ್ತಿಯ ಜೀವನದಲ್ಲಿ ಕೂಡಿ ಬಂದದ್ದನ್ನು ಕಡಂದಲೆಯ ಕೃಷ್ಣರಾಯರ ಚರಿತ್ರೆಯಲ್ಲಿ ಕಾಣಬಹುದು. ಅವರು ಬಡ ಮನೆಯಲ್ಲಿ ಹುಟ್ಟಿ, ಉಡುಪಿಯ ಮಠದಲ್ಲಿ ದುಡಿದು, ೧೯೨೦ರ ದಶಕದಲ್ಲಿ ಮದರಾಸಿಗೆ ಬಂದು ಅಡಿಗೆಯ ಕೆಲಸಕ್ಕೆ ನಿಂತರು. ಜಾರ್ಜ್ ಟೌನಿನ ಆಚಾರಪ್ಪನ್ ಬೀದಿಯ ಒಂದು ಸಣ್ಣ ಹೋಟೆಲನ್ನು ಕಂತುಗಳಲ್ಲಿ ಹಣ ತೀರಿಸುವ ಕರಾರಿನ ಮೇಲೆ ವಹಿಸಿಕೊಂಡರು. ಅಲ್ಲಿಂದ ಮೌಂಟ್ ರೋಡಿನ ಉಡುಪಿ ಶ್ರೀಕೃಷ್ಣ ವಿಲಾಸ. ೧೯೩೮ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ರಾಜರಿಗೆ ಸೇರಿದ್ದ ‘ವುಡ್‌ಲ್ಯಾಂಡ್ಸ್’ ಬಂಗಲೆಯಲ್ಲಿ ಅದೇ ಹೆಸರಿನ ಹೋಟೆಲು. ೧೯೫೨ರಲ್ಲಿ ಎಡ್ವರ್ಡ್ ಎಲಿಯಟ್ಸ್ ರೋಡಿಗೆ ಸ್ಥಳಾಂತರ. ಆ ರಸ್ತೆಗೆ ಈಗ ರಾಧಾಕೃಷ್ಣನ್ ಸಾಲೈ ಎಂದು ಹೆಸರು.

ಪುರಸೈವಾಕ್ಕದವರಿಗೆ ಇನ್ನೂ ಸಮೀಪವಾದ ನಿದರ್ಶನ ‘ದಾಸಪ್ರಕಾಶ’. ಕುತ್ತೆತ್ತೂರಿನ ಸೀತಾರಾಮರಾಯರು ಮೈಸೂರಿನಲ್ಲಿ ಉದ್ಯಮವನ್ನು ಆರಂಭಿಸಿ, ೧೯೫೪ರಲ್ಲಿ ಪೂನಮಲ್ಲಿ ಹೈರೋಡಿನಲ್ಲಿ ಈ ದೊಡ್ಡ ಹೋಟೆಲನ್ನು ತೆರೆದರು. ಪುರಸೈವಾಕ್ಕದಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿಯ ಐಸ್ ಕ್ರೀಂ ಬಹು ಹೆಸರುವಾಸಿಯಾಗಿತ್ತು. ನಿತ್ಯವೂ ಅಲ್ಲಿಗೆ ಹೋಗುವಷ್ಟು ಸಂಬಳ ಗುಮಾಸ್ತನಿಗೆ ಇರಲಿಲ್ಲ; ಮಗು ಪರೀಕ್ಷೆಯಲ್ಲಿ ತೇರ್ಗಡೆಯಾದಾಗಲೋ ಊರಿನಿಂದ ಭಾವಮೈದುನ ಬಂದಾಗಲೋ ಹೋಗುವ ಸ್ಥಳವದು. ಆ ಹೋಟೆಲು ಈಗಿಲ್ಲ. ಆದರೆ ಬಸ್ಸಿನ ನಿಲ್ದಾಣಕ್ಕೆ ಅದರ ಹೆಸರು ನಿಂತುಬಿಟ್ಟಿದೆ. ಅಲ್ಲಿ ಇಳಿಯುವವರಲ್ಲಿ ಎಷ್ಟು ಮಂದಿಗೆ ಆ ಹೆಸರು ಹರಿದಾಸರದೆಂಬುದು ಹೊಳೆಯುತ್ತದೆಯೋ!

೪. ವೇಗದ ರಹಸ್ಯ

ಹೋಟೆಲಿನ ದೋಸೆ ಕೆಲವೇ ನಿಮಿಷಗಳಲ್ಲಿ ಮೇಜಿಗೆ ಬರುತ್ತದೆ. ಆದರೆ ಅದರ ತಯಾರಿ ಹಿಂದಿನ ಮಧ್ಯಾಹ್ನವೇ ಆರಂಭವಾಗಿರುತ್ತದೆ. ಗಿರಾಕಿಗೆ ಕಾಣುವ ವೇಗಕ್ಕೆ ಗಿರಾಕಿಗೆ ಕಾಣದ ನಿಧಾನವೇ ಆಧಾರ. ನೆನೆಯುವ, ರುಬ್ಬುವ, ಹುದುಗುವ ಹದಿನೆಂಟು ಗಂಟೆಗಳನ್ನು ಹೋಟೆಲು ತನ್ನ ಅಡಿಗೆಮನೆಯೊಳಗೆ ಮುಚ್ಚಿಟ್ಟು, ಕೊನೆಯ ಮೂರು ನಿಮಿಷಗಳನ್ನು ಮಾತ್ರ ಗಿರಾಕಿಯ ಮುಂದಿಡುತ್ತದೆ.

ಅದರ ಯೋಜನೆಯ ಜಾಣ್ಮೆಯನ್ನು ನೋಡಿ. ಅಕ್ಕಿ ಉದ್ದುಗಳ ಹಿಟ್ಟುಗಳು ಪ್ರಮಾಣದಲ್ಲಿ ಮಾತ್ರ ಬೇರೆ. ಹೊಸ ಹಿಟ್ಟು ಇಡ್ಲಿಗೆ. ಸ್ವಲ್ಪ ಹುಳಿ ಬಂದದ್ದು ದೋಸೆಗೆ. ಇನ್ನೂ ಹುಳಿಯಾದುದು ಈರುಳ್ಳಿಯ ಊತಪ್ಪಕ್ಕೆ. ಯಾವುದೂ ವ್ಯರ್ಥವಾಗುವುದಿಲ್ಲ. ಇಡ್ಲಿ, ವಡೆ, ದೋಸೆ, ಪೊಂಗಲು ಎಲ್ಲಕ್ಕೂ ಸಾಂಬಾರು ಒಂದೇ, ಚಟ್ನಿ ಒಂದೇ. ಉಗಿಯ ಪಾತ್ರೆಯಲ್ಲಿ ಒಂದೇ ಸಲಕ್ಕೆ ಹತ್ತಾರು ಇಡ್ಲಿ ಬೇಯುತ್ತವೆ. ಉದ್ದನೆಯ ಕಾವಲಿಯ ಮೇಲೆ ಸಾಲಾಗಿ ಏಳೆಂಟು ದೋಸೆ ಏಳುತ್ತವೆ. ಒಂದು ಸಾಲು ಎತ್ತಿದೊಡನೆ ನೀರು ಚಿಮುಕಿಸಿ ಪೊರಕೆಯಿಂದ ಬಳಿದರೆ ಮುಂದಿನ ಸಾಲಿಗೆ ಕಾವಲಿ ಸಿದ್ಧ. ಕಾಫಿಯ ಡಿಕಾಕ್ಷನ್ ಮೊದಲೇ ಇಳಿದಿರುತ್ತದೆ. ಮಾಣಿ ಬರೆದುಕೊಳ್ಳದೆ ಆರು ಮೇಜುಗಳ ಬೇಡಿಕೆಯನ್ನು ಬಾಯಲ್ಲಿ ಹೊತ್ತು ಅಡಿಗೆಮನೆಯ ಕಡೆಗೆ ಕೂಗುತ್ತಾನೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೆಕ್‌ಡೊನಾಲ್ಡ್ ಸೋದರರು ತಮ್ಮ ತಿಂಡಿಗಳ ಸಂಖ್ಯೆಯನ್ನು ತಗ್ಗಿಸಿ, ಕೆಲಸವನ್ನು ಹಂಚಿ, ಶೀಘ್ರಸೇವೆಯ ಪದ್ಧತಿಯನ್ನು ರೂಪಿಸಿದ್ದು ೧೯೪೮ರಲ್ಲಿ. ಕೆಲವೇ ಪದಾರ್ಥಗಳು, ಸಮಾನವಾದ ಸಾಮಗ್ರಿ, ಹಂಚಿದ ದುಡಿಮೆ ಎಂಬ ತತ್ತ್ವಗಳು ಆ ವೇಳೆಗಾಗಲೇ ಉಡುಪಿಯ ಅಡಿಗೆಮನೆಯಲ್ಲಿ ಶಾಸ್ತ್ರದ ಹೆಸರಿಲ್ಲದೆ ನಡೆಯುತ್ತಿದ್ದುವು.

ಹಣದ ದೃಷ್ಟಿಯಿಂದಲೂ ಈ ವ್ಯವಹಾರ ವಿಚಾರಯೋಗ್ಯವಾದುದು. ಬೆಳಗ್ಗೆ ಕೊಂಡ ಹಾಲು ಮಧ್ಯಾಹ್ನದೊಳಗೆ ನಗದಾಗುತ್ತದೆ. ನಿನ್ನೆ ನೆನೆಹಾಕಿದ ಅಕ್ಕಿ ಇಂದು ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಸರಕು ಕೊಳೆಯುವಂಥದಾದುದರಿಂದ ಮಾಲಿಕ ಅದನ್ನು ಹಿಡಿದಿಡುವಂತಿಲ್ಲ. ಹಿಡಿದಿಡಲಾಗದುದರಿಂದಲೇ ಸಣ್ಣ ಬಂಡವಾಳ ತಿಂಗಳಲ್ಲಿ ಹಲವು ಬಾರಿ ತಿರುಗುತ್ತದೆ. ಒಂದು ತಟ್ಟೆಯಿಂದ ಬರುವ ಲಾಭ ಅಲ್ಪ. ತಟ್ಟೆಗಳ ಸಂಖ್ಯೆಯೇ ಲಾಭ. ಮೇಜು ಬೇಗ ಬಿಡುವಾಗಬೇಕಾದ ಅಗತ್ಯವೂ ಇದರಿಂದಲೇ ಬಂದುದು. ಸಣ್ಣ ನಾಣ್ಯಗಳ ಶಕ್ತಿಯನ್ನು ಅದೇ ಕರಾವಳಿಯ ಬ್ಯಾಂಕುಗಳೂ ಅರಿತಿದ್ದುವು. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ (ಮುಂದೆ ಸಿಂಡಿಕೇಟ್ ಬ್ಯಾಂಕ್) ೧೯೨೮ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಮನೆಬಾಗಿಲಿಗೆ ಹೋಗಿ ಸಂಗ್ರಹಿಸಿತು. ಹೋಟೆಲಿಗೂ ಬ್ಯಾಂಕಿಗೂ ಪಾಠ ಒಂದೇ: ಚಿಕ್ಕ ಮೊತ್ತ, ದೊಡ್ಡ ಸಂಖ್ಯೆ, ನಿತ್ಯದ ನಂಬಿಕೆ.

೫. ನಂಬಿಕೆಯ ಎರಡು ಮುಖಗಳು

ಅಪರಿಚಿತನು ಬೇಯಿಸಿದ್ದನ್ನು ಜನ ನಂಬಿ ತಿನ್ನಬೇಕಾದರೆ ಏನಾದರೊಂದು ಅಭಯ ಬೇಕು. ಅಮೆರಿಕದಲ್ಲಿ ಮಾಂಸದ ಕಾರ್ಖಾನೆಗಳ ಕೊಳಕನ್ನು ಅಪ್ಟನ್ ಸಿಂಕ್ಲೇರನು ೧೯೦೬ರ ತನ್ನ ಕಾದಂಬರಿಯಲ್ಲಿ ಬಯಲಿಗೆಳೆದ ಮೇಲೆ ಕೊಚ್ಚಿದ ಮಾಂಸವೆಂದರೆ ಜನ ಹೆದರುತ್ತಿದ್ದರು. ೧೯೨೧ರಲ್ಲಿ ಕಾನ್ಸಾಸ್ ಪ್ರಾಂತದ ವಿಚಿಟಾ ನಗರದಲ್ಲಿ ಆರಂಭವಾದ ‘ವೈಟ್ ಕ್ಯಾಸಲ್’ ಅಂಗಡಿಗಳು ಬಿಳಿಯ ಗೋಡೆ, ಬಿಳಿಯ ಉಡುಪು, ಕಣ್ಣೆದುರಿನ ಅಡಿಗೆ ಇವುಗಳಿಂದ ಆ ಭಯವನ್ನು ನೀಗಿದುವು. ಅದೇ ದಶಕದಲ್ಲಿ ಮದರಾಸಿನ ಉಡುಪಿ ಹೋಟೆಲು ತನ್ನ ಗಿರಾಕಿಗೆ ಕೊಟ್ಟ ಅಭಯ ಬೇರೆ ಬಗೆಯದು. ಗೋಡೆಯ ಮೇಲೆ ಕೃಷ್ಣನ ಪಟ, ಊದುಬತ್ತಿ, ಮಡಿಯ ಅಡಿಗೆಯವ, ‘ಬ್ರಾಹ್ಮಣರ ಹೋಟೆಲು’ ಎಂಬ ಫಲಕ. ಅಲ್ಲಿ ಶುಚಿ ಎಂದುದು ಇಲ್ಲಿ ಶುದ್ಧಿಯಾಯಿತು.

ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಮರೆಮಾಡಲಾಗದು. ಶುಚಿಯಾದ ಸ್ಥಳಕ್ಕೆ ಯಾರೂ ಬರಬಹುದು. ಶುದ್ಧಿಯ ಸ್ಥಳಕ್ಕೆ ಎಲ್ಲರೂ ಬರುವಂತಿರಲಿಲ್ಲ. ಮದರಾಸಿನ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆ ಇರುತ್ತಿದ್ದಿತು. ಅಸ್ಪೃಶ್ಯರೆನಿಸಿದವರಿಗೆ ಬಾಗಿಲೇ ಇರಲಿಲ್ಲ. ರೈಲ್ವೆ ನಿಲ್ದಾಣಗಳ ಉಪಾಹಾರಗೃಹಗಳಲ್ಲಿ ಸಹ ಈ ಭೇದ ನಡೆಯುತ್ತಿದ್ದು, ದೀರ್ಘಕಾಲದ ಪ್ರತಿಭಟನೆಯ ತರುವಾಯ ೧೯೪೧ರಲ್ಲಿ ತೆಗೆದುಹಾಕಲ್ಪಟ್ಟಿತು. ಗಿರಣಿಯ ಕೂಲಿಗಾರನಿಗೂ ನಾಲಗೆಯುಂಟು. ಸಂಬಳದ ದಿನ ಮಗನನ್ನು ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸುವ ಆಸೆ ಅವನಿಗೂ ಉಂಟು. ಕೈಯಲ್ಲಿ ನಾಣ್ಯವಿದ್ದೂ ಹೊಸ್ತಿಲ ಹೊರಗೆ ನಿಲ್ಲಬೇಕಾದವನ ಪಾಲಿಗೆ ಹೋಟೆಲಿನ ತುಪ್ಪದ ಪರಿಮಳ ಸಂತೋಷವಲ್ಲ, ಅವಮಾನ.

೧೯೫೦ರ ಸಂವಿಧಾನದ ೧೫ನೆಯ ಅನುಚ್ಛೇದವು ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳಿಗೆ ಪ್ರವೇಶಿಸುವುದರಲ್ಲಿ ಜಾತಿ ಮತಗಳ ಕಾರಣದಿಂದ ಯಾರನ್ನೂ ತಡೆಯಕೂಡದೆಂದು ವಿಧಿಸಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಶಾಸನ ಅಂಥ ತಡೆಯನ್ನು ಶಿಕ್ಷಾರ್ಹವನ್ನಾಗಿ ಮಾಡಿತು. ಆದರೂ ಫಲಕಗಳ ಮೇಲೆ ಜಾತಿಯ ಹೆಸರು ಉಳಿದೇ ಇತ್ತು. ೧೯೫೭ರ ಮೇ ತಿಂಗಳಿನಲ್ಲಿ ಪೆರಿಯಾರ್ ಈ. ವೆ. ರಾಮಸ್ವಾಮಿಯವರ ದ್ರಾವಿಡ ಕಳಗದವರು ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಮುಂದೆ ‘ಬ್ರಾಹ್ಮಣಾಳ್’ ಎಂಬ ಪದವನ್ನು ತೆಗೆಯಬೇಕೆಂದು ಪಿಕೆಟಿಂಗ್ ಆರಂಭಿಸಿದರು. ತಿಂಗಳುಗಟ್ಟಲೆ ಸ್ವಯಂಸೇವಕರು ಸರದಿಯಂತೆ ಬಂಧನಕ್ಕೊಳಗಾದರು. ಮರುವರ್ಷ ಆ ಫಲಕ ಬದಲಾಯಿತು.

ಈ ಪ್ರಕರಣ ಪುರಸೈವಾಕ್ಕಕ್ಕೆ ದೂರದ್ದಲ್ಲ. ನೆರೆಯ ವೇಪೇರಿಯಲ್ಲಿ ಹಿಂದೆ ಟ್ರಾಂ ಗಾಡಿಗಳ ಶೆಡ್ಡಾಗಿದ್ದ ಸ್ಥಳವೇ ಇಂದಿನ ಪೆರಿಯಾರ್ ತಿಡಲ್, ಆ ಚಳವಳಿಯ ಕೇಂದ್ರ. ಅಲ್ಲಿಂದ ಸ್ವಲ್ಪ ದೂರದಲ್ಲಿಯೇ ದಾಸಪ್ರಕಾಶವಿದ್ದಿತು. ಕನ್ನಡಿಗರು ಮನನ ಮಾಡಬೇಕಾದ ಇನ್ನೊಂದು ಸಂಗತಿಯೆಂದರೆ, ಪೆರಿಯಾರರು ಈರೋಡಿನ ಕನ್ನಡ ಮನೆಮಾತಿನ ಬಲಿಜ ಕುಟುಂಬದವರು. ಹೋಟೆಲಿನ ಗಲ್ಲಾದ ಹಿಂದೆ ಕುಳಿತಿದ್ದವರಲ್ಲಿ ಹಲವರ ಮನೆಮಾತೂ ತುಳು ಇಲ್ಲವೆ ಕನ್ನಡ. ಮದರಾಸಿನ ಉಪಾಹಾರಗೃಹದ ಹೊಸ್ತಿಲಿನ ಈ ವ್ಯಾಜ್ಯದಲ್ಲಿ ಒಳಗೂ ಹೊರಗೂ ಕನ್ನಡ ನಾಡಿನ ನಂಟಿನವರಿದ್ದರು. ಉಡುಪಿಯ ಹೆಸರಿನ ಕೀರ್ತಿಯನ್ನು ಮಾತ್ರ ಎತ್ತಿ ಹೇಳಿ ಈ ಭಾಗವನ್ನು ಬಿಟ್ಟುಬಿಡುವುದು ಇತಿಹಾಸಕ್ಕೆ ಸಲ್ಲದು. ಹಾಗೆಯೇ, ಬಾಗಿಲು ತೆರೆದ ಮೇಲೆ ಉಡುಪಿ ಹೋಟೆಲಿಗೆ ನಷ್ಟವಾಗಲಿಲ್ಲವೆಂಬುದನ್ನೂ ಹೇಳಬೇಕು. ಒಂದೇ ಮೇಜಿನಲ್ಲಿ ಯಾರ ಪಕ್ಕದಲ್ಲಿ ಯಾರು ಕುಳಿತರೆಂದು ಕೇಳದೆ ಜನ ತಿಂದು ಎದ್ದುಹೋಗುವ ಅಭ್ಯಾಸವನ್ನು ನಗರಕ್ಕೆ ಕಲಿಸಿದ ಸ್ಥಳಗಳಲ್ಲಿ ಅದೂ ಒಂದಾಯಿತು. ಅವಸರದ ತಿಂಡಿಗೆ ಕುಲವನ್ನು ವಿಚಾರಿಸುವಷ್ಟು ಪುರುಸೊತ್ತಿರುವುದಿಲ್ಲ.

೬. ಮಾಣಿಯ ಪಾಲು

ಗಿರಾಕಿಗೆ ತಿಂಗಳಿಗೊಮ್ಮೆ ಬರುವ ಸಂತೋಷ ಮಾಣಿಗೆ ದಿನದ ಹದಿನಾಲ್ಕು ಗಂಟೆಯ ದುಡಿಮೆ. ಹತ್ತು ಹನ್ನೆರಡು ವಯಸ್ಸಿನ ಹುಡುಗರು ಊರಿನ ಪರಿಚಯದವರ ಕೈಹಿಡಿದು ಬಂದು, ಲೋಟ ತೊಳೆಯುವುದರಿಂದ ಆರಂಭಿಸಿ, ಮೇಜು ಒರಸಿ, ಬಡಿಸಿ, ಕಾವಲಿಯ ಮುಂದೆ ನಿಂತು, ಅದೃಷ್ಟವಿದ್ದರೆ ಗಲ್ಲಾದವರೆಗೆ ಏರುತ್ತಿದ್ದರು. ಊಟ, ಮಲಗಲು ಹೋಟೆಲಿನ ನೆಲ, ಊರಿಗೆ ಕಳುಹಿಸಲು ಸ್ವಲ್ಪ ಹಣ, ಇಷ್ಟೇ ಸಂಪಾದನೆ. ಕೃಷ್ಣರಾಯರಂತೆ ಏರಿದವರ ಚರಿತ್ರೆ ಪ್ರಸಿದ್ಧವಾಗಿದೆ. ಏರದೆ ಉಳಿದವರ ಸಂಖ್ಯೆಯೇ ಹೆಚ್ಚು, ಅವರ ಚರಿತ್ರೆ ಬರೆಯಲ್ಪಟ್ಟಿಲ್ಲ. ಮುಂಬಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳು ಇಂಥ ಹುಡುಗರಿಗೆ ಅಕ್ಷರದ ದಾರಿಯನ್ನು ತೆರೆದುವು. ಹಗಲು ತಟ್ಟೆ ಎತ್ತಿ ರಾತ್ರಿ ಪಾಠ ಓದಿ ಪದವೀಧರರಾದವರು ಅಲ್ಲಿ ಅನೇಕರು. ಹದಿನಾಲ್ಕು ವರ್ಷಕ್ಕೆ ಕಡಮೆಯ ಮಕ್ಕಳನ್ನು ಹೋಟೆಲು ಉಪಾಹಾರಗೃಹಗಳಲ್ಲಿ ದುಡಿಸುವುದಕ್ಕೆ ಭಾರತದಲ್ಲಿ ನಿಷೇಧ ಬಂದದ್ದು ೨೦೦೬ರ ಅಕ್ಟೋಬರ್ ೧೦ರಂದು. ಅಷ್ಟರಲ್ಲಿ ಉಡುಪಿ ಹೋಟೆಲಿನ ಉಚ್ಛ್ರಾಯದ ಕಾಲವೇ ಮುಗಿದಿತ್ತು. ಬಿಸಿ ದೋಸೆಯ ಅಗ್ಗದ ಬೆಲೆಯಲ್ಲಿ ಈ ಹುಡುಗರ ಬಾಲ್ಯದ ಬೆಲೆಯೂ ಸೇರಿದ್ದಿತೆಂಬುದನ್ನು ಲೆಕ್ಕ ಬಲ್ಲವರು ಮರೆಯಲಾಗದು.

೭. ಅಪರೂಪವು ಸ್ಥಳ ಬದಲಿಸಿದ್ದು

೧೯೫೫ರಲ್ಲಿ ಕೊಯಮತ್ತೂರಿನಲ್ಲಿ ವಿದ್ಯುತ್ತಿನಿಂದ ನಡೆಯುವ ರುಬ್ಬುವ ಯಂತ್ರ ತಯಾರಾಯಿತು. ಮೊದಲು ಅದು ಹೋಟೆಲುಗಳಿಗೆ ಹೋಯಿತು. ಕ್ರಮೇಣ ಚಿಕ್ಕದಾಗಿ ಮನೆಗಳಿಗೂ ಬಂದಿತು. ಅದರ ಹಿಂದೆಯೇ ಶೀತಕಪೆಟ್ಟಿಗೆಯೂ ಬಂದು, ಒಮ್ಮೆ ರುಬ್ಬಿದ ಹಿಟ್ಟು ನಾಲ್ಕು ದಿನ ನಿಲ್ಲುವಂತಾಯಿತು. ದಿನವಿಡೀ ಸಿದ್ಧತೆ ಬೇಡುತ್ತಿದ್ದ ದೋಸೆ ಈಗ ಸೋಮವಾರದ ಬೆಳಗಿನ ತಿಂಡಿ. ಗೃಹಿಣಿಯ ತೋಳಿಗೆ ಬಿಡುಗಡೆಯಾಯಿತು. ದೋಸೆಯ ವಿಶೇಷಕ್ಕೆ ಮಾತ್ರ ಕುಂದು ಬಂತು. ಮನೆಗೆ ಬಂದುದು ಹೋಟೆಲಿನಲ್ಲಿ ಅಪರೂಪವಾಗಿ ಉಳಿಯಲಾರದು. ಆದ್ದರಿಂದ ಹೋಟೆಲುಗಳು ಮನೆಯಲ್ಲಿ ಮಾಡಲಾಗದುದನ್ನು ಹುಡುಕಿಕೊಂಡು ಹೋದುವು: ಮೊಳದುದ್ದದ ತುಪ್ಪದ ರೋಸ್ಟು, ಜಾಲರಿಯಂಥ ರವೆ ದೋಸೆ, ಆಮೇಲೆ ಉತ್ತರದ ರೊಟ್ಟಿ ಪಲ್ಯಗಳು, ಚೀನೀಯರ ಹೆಸರಿನ ನೂಡಲ್ಸ್.

ಕೆಲವರು ಪದಾರ್ಥವನ್ನು ಬಿಟ್ಟು ತಿನ್ನುವ ರೀತಿಯನ್ನೇ ಬದಲಿಸಿದರು. ೧೯೬೨ರಲ್ಲಿ ಕೃಷ್ಣ ರಾಯರು ಕೆಥೆಡ್ರಲ್ ರೋಡಿನ ತೋಟಗಾರಿಕಾ ಸಂಘದ ಆವರಣದಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದರು. ಮರದ ನೆರಳಿನಲ್ಲಿ ಕಾರು ನಿಲ್ಲಿಸಿದರೆ ಬಾಗಿಲಿಗೆ ಸಿಕ್ಕಿಸಿದ ತಟ್ಟೆಯಲ್ಲಿ ಇಡ್ಲಿ ಕಾಫಿ ಬರುತ್ತಿದ್ದಿತು. ಅಮೆರಿಕದ ಪದ್ಧತಿಗೆ ಉಡುಪಿಯ ರುಚಿ ಸೇರಿದ ಆ ಸ್ಥಳ ೨೦೦೮ರಲ್ಲಿ ಮುಚ್ಚಿತು. ೨೦೧೦ರಿಂದ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಬೆಂಗಳೂರಿನ ಜಯನಗರದಲ್ಲಿ ೧೯೮೩ರಲ್ಲಿ ಆರ್. ಪ್ರಭಾಕರರು ಕೆಫೆ ದರ್ಶಿನಿಯನ್ನು ಆರಂಭಿಸಿ ಕುರ್ಚಿ ಮಾಣಿಗಳೆರಡನ್ನೂ ತೆಗೆದುಹಾಕಿದರು. ಚೀಟಿ ಪಡೆದು ನಿಂತು ತಿನ್ನುವ ಆ ಪದ್ಧತಿ ಇಂದು ಬೆಂಗಳೂರಿನ ಬೀದಿಬೀದಿಗಳಲ್ಲಿದೆ. ಇವೆಲ್ಲ ನಡೆದ ಮೇಲೆ, ೧೯೯೫ರಲ್ಲಿ ಅದೇ ನಗರದ ಬ್ರಿಗೇಡ್ ರಸ್ತೆಯಲ್ಲಿ ಅಮೆರಿಕದ ಕೆಂಟಕಿ ಫ್ರೈಡ್ ಚಿಕನ್ ತೆರೆದಾಗ ಫಾಸ್ಟ್ ಫುಡ್ಡು ಹೊರಗಿನಿಂದ ನುಗ್ಗಿದ ಶತ್ರುವೆಂಬ ಕೂಗೆದ್ದಿತು. ಮರುವರ್ಷದ ಜನವರಿಯಲ್ಲಿ ರೈತಸಂಘದವರು ಅಲ್ಲಿಗೆ ನುಗ್ಗಿ ಪೀಠೋಪಕರಣಗಳನ್ನು ಹಾಳುಮಾಡಿದರು. ರೈತರ ಆತಂಕಕ್ಕೆ ಬೀಜ, ಕೋಳಿಸಾಕಣೆ, ವಿದೇಶಿ ಬಂಡವಾಳ ಮೊದಲಾದ ಬೇರೆ ಕಾರಣಗಳಿದ್ದುವು. ಆದರೆ ಬೇಗ ತಯಾರಾದುದನ್ನು ಹೊರಗೆ ಕುಳಿತು ತಿನ್ನುವ ಆಸೆ ಮಾತ್ರ ಹೊರಗಿನಿಂದ ಬಂದುದಲ್ಲ.

ಪುರಸೈವಾಕ್ಕಂ ಹೈರೋಡಿನಲ್ಲಿ ಇಂದು ಹಳೆಯ ಬಗೆಯ ಶಾಕಾಹಾರಿ ಹೋಟೆಲುಗಳೂ ಹೊಸ ಬಗೆಯ ಪಿಜ್ಜಾ ಅಂಗಡಿಗಳೂ ಅಕ್ಕಪಕ್ಕದಲ್ಲಿವೆ. ವೆಲ್ಕಂ ಹೋಟೆಲಿನಂಥ ಸ್ಥಳಗಳ ಹೆಸರು ಬಡಾವಣೆಯ ಹೊರಗೂ ಪರಿಚಿತ. ೧೯೮೧ರಲ್ಲಿ ಕೆ. ಕೆ. ನಗರದಲ್ಲಿ ಹುಟ್ಟಿದ ಶರವಣ ಭವನದಂಥ ತಮಿಳು ಸಂಸ್ಥೆಗಳು ಉಡುಪಿಯವರ ವಿದ್ಯೆಯನ್ನು ಚೆನ್ನಾಗಿ ಕಲಿತು, ಅದನ್ನು ಕಡಲಾಚೆಗೂ ಒಯ್ದುವು. ೧೯೪೮ರಲ್ಲಿಯೇ ತಿರುವಲ್ಲಿಕ್ಕೇಣಿಯಲ್ಲಿ ರತ್ನಾ ಕೆಫೆಯನ್ನು ತೆರೆದವರು ಮಥುರೆಯ ಕಡೆಯ ಗುಪ್ತರು. ಇಡ್ಲಿಯ ಮೇಲೆ ಸಾಂಬಾರನ್ನು ಧಾರಾಳವಾಗಿ ಸುರಿದು ಅವರು ಕೀರ್ತಿ ಪಡೆದರು. ವಿದ್ಯೆ ಕಲಿಸಿದವನ ಹೆಸರು ಮರೆತುಹೋಗುವಷ್ಟು ವಿದ್ಯೆ ಹರಡುವುದು ಸೋಲೆಂದು ಭಾವಿಸಬೇಕಾದ್ದಿಲ್ಲ. ‘ಉಡುಪಿ’ ಎಂಬುದು ಈಗ ಊರಿನ ಹೆಸರಿಗಿಂತ ಒಂದು ಪದ್ಧತಿಯ ಹೆಸರು. ಉಡುಪಿಯನ್ನೇ ಕಾಣದವರೂ ಆ ಫಲಕವನ್ನು ಕಟ್ಟುತ್ತಾರೆ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಸಾರಾಂಶವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಹೋಟೆಲಿನ ತಿಂಡಿಯ ಆಕರ್ಷಣೆ ತಿಂಡಿಯ ದ್ರವ್ಯದಲ್ಲಿರಲಿಲ್ಲ. ಅದೇ ಅಕ್ಕಿ, ಅದೇ ಉದ್ದು ಮನೆಯಲ್ಲಿಯೂ ಇದ್ದುವು. ಒಬ್ಬರ ಶ್ರಮವನ್ನು ಆ ಹೊತ್ತಿಗೆ ಇನ್ನೊಬ್ಬರು ವಹಿಸಿಕೊಂಡುದರಲ್ಲಿ, ಕೇಳಿದೊಡನೆ ಬಿಸಿಯಾಗಿ ಎದುರಿಗೆ ಬಂದುದರಲ್ಲಿ, ನಾಲ್ಕು ಜನ ಅಪರಿಚಿತರ ನಡುವೆ ತಾನೂ ಒಬ್ಬ ಗಿರಾಕಿಯೆಂದು ಕುಳಿತ ಮರ್ಯಾದೆಯಲ್ಲಿ ಆ ಆಕರ್ಷಣೆ ಇದ್ದಿತು. ಒರಳಿನ ಮುಂದಿನ ಹೆಂಗಸಿಗೆ ಅದು ಒಂದು ಸಂಜೆಯ ವಿರಾಮ. ಗುಮಾಸ್ತನಿಗೆ ಒಂದು ಗಳಿಗೆಯ ದೊರೆತನ. ಹೊಸ್ತಿಲ ಹೊರಗೆ ನಿಲ್ಲಿಸಲ್ಪಟ್ಟಿದ್ದವನಿಗೆ, ಒಳಗೆ ಬಂದ ದಿನ, ಸಮಾನತೆಯ ಒಂದು ತುತ್ತು. ಅಪರೂಪವಾಗಿದ್ದಷ್ಟು ದಿನವೂ ಅದಕ್ಕೆ ಈ ಅರ್ಥವಿದ್ದಿತು. ನಿತ್ಯದ ಚಟವಾದಾಗ ಅರ್ಥವೂ ಆರೋಗ್ಯವೂ ಒಟ್ಟಿಗೆ ಕ್ಷೀಣಿಸುತ್ತವೆ.

ಈ ಚರಿತ್ರೆಯ ಆಧಾರಗಳು ತಾಮ್ರಪಟಗಳಲ್ಲಿಲ್ಲ. ಹಳೆಯ ಲೆಕ್ಕದ ಪುಸ್ತಕಗಳು, ಬೆಲೆಯ ಫಲಕಗಳು, ಬಾಡಿಗೆಯ ಕರಾರುಗಳು, ಊರಿಗೆ ಕಳುಹಿಸಿದ ಮನಿಯಾರ್ಡರಿನ ರಸೀತಿಗಳು, ಕಾವಲಿಯ ಮುಂದೆ ಆಯುಸ್ಸು ಕಳೆದ ವೃದ್ಧರ ನೆನಪುಗಳು, ಇವೇ ಅದರ ಶಾಸನಗಳು. ಹೋಟೆಲು ಮುಚ್ಚಿದಾಗ ಇವು ಮೊದಲು ರದ್ದಿಯ ಅಂಗಡಿಗೆ ಹೋಗುತ್ತವೆ. ಹೊರನಾಡಿನ ಕನ್ನಡ ಸಂಘಗಳು ತಮ್ಮ ತಮ್ಮ ಬಡಾವಣೆಗಳಲ್ಲಿ ಉಳಿದಿರುವಷ್ಟನ್ನಾದರೂ ಸಂಗ್ರಹಿಸಿದರೆ, ಮಾಲಿಕರ ಏಳ್ಗೆಯ ಕಥೆಯೊಡನೆ ಮಾಣಿಗಳ ಬಾಳಿನ ಕಥೆಯೂ, ಬಾಗಿಲು ತೆರೆದುದರ ಕಥೆಯೊಡನೆ ಬಾಗಿಲು ಮುಚ್ಚಿದ್ದುದರ ಕಥೆಯೂ ಮುಂದಿನವರಿಗೆ ದೊರೆಯುವುವು. ಆ ಕೆಲಸ ಕೈಗೂಡಬೇಕಾದರೆ ಅದನ್ನು ಬಲ್ಲವರು ಇನ್ನೂ ಬದುಕಿರುವಾಗಲೇ ಆರಂಭಿಸಬೇಕು.